ರಾಯಪ್ಪನ ಕಿವಿಯನ್ನು ನಾನು ಇನ್ಸ್‌ಪೆಕ್ಷನ್ ಮಾಡಿದ್ದು

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಇದೆ. ಊಟದ ಡಬ್ಬಿಯಷ್ಟು ದೊಡ್ಡದು, ಮುಂದೆ ಒಂದು ಸಣ್ಣ ನೀಲಿ ದೀಪ. ಮನೆಗೆ ಬಂದವರು ಅದನ್ನು ನೋಡಿದ ಕೂಡಲೇ ಕೇಳುವುದು ವೈಫೈ ಪಾಸ್‌ವರ್ಡ್. ಅದು ವೈಫೈ ಅಲ್ಲ ಎಂದರೆ, ಹಾಗಾದರೆ ಕೇಬಲ್ ಟಿವಿಯ ಡಬ್ಬವಾ ಅನ್ನುತ್ತಾರೆ. ಅದೂ ಅಲ್ಲ ಎಂದರೆ ಆಸಕ್ತಿ ಕಳೆದುಕೊಂಡು ಕಾಫಿ ಕುಡಿಯುತ್ತಾರೆ. ನನ್ನ ಹೆಂಡತಿ ವಿಶಾಲು ಮಾತ್ರ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾ, "ಸ್ನೇಹಿತನ್ನ ಕೊಟ್ಟು ತಂದಿರೋ ಸಾಮಾನು, ಜೋಪಾನವಾಗಿರ್ಲಿ" ಅನ್ನುತ್ತಾಳೆ. ಮೂವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದವಳಿಗೆ ಎಲ್ಲಿ ಚುಚ್ಚಬೇಕೆಂಬುದು ಚೆನ್ನಾಗಿ ಗೊತ್ತು.

ಅದರ ಹೆಸರು ಡ್ಯಾಕ್. ಸಿಡಿಯಲ್ಲಾಗಲಿ ಫೋನಿನಲ್ಲಾಗಲಿ ಹಾಡು ಅಂತ ಇರುವುದು ಬರೀ ಅಂಕಿಗಳು. ಅಳತೆ ಚೀಟಿಯ ಮೇಲಿನ ಅಂಕಿ ನೋಡಿ ಟೈಲರ್ ರವಿಕೆ ಹೊಲಿಯುತ್ತಾನಲ್ಲ, ಹಾಗೆ ಆ ಅಂಕಿಗಳನ್ನು ನೋಡಿ ದನಿಯನ್ನು ಹೊಲಿದು ಕೊಡುವುದು ಇದರ ಕೆಲಸ. ಒಳ್ಳೆಯ ಟೈಲರ್, ಕೆಟ್ಟ ಟೈಲರ್ ಇದ್ದಂತೆ ಒಳ್ಳೆಯ ಡ್ಯಾಕ್, ಕೆಟ್ಟ ಡ್ಯಾಕ್ ಇರುತ್ತದಂತೆ. ಈ 'ಅಂತೆ' ಅನ್ನುವ ಮಾತೇ ನನ್ನನ್ನು ಇಲ್ಲಿಯವರೆಗೆ ಎಳೆದು ತಂದಿದ್ದು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಮದುವೆಗೆ ಮುಂಚೆ ಈ ಮಾತು ಕೇಳಿ ಮಾವನವರ ಕಡೆಯ ಅರ್ಧ ಜನ ನನ್ನನ್ನು ಪೊಲೀಸ್ ಅಂದುಕೊಂಡಿದ್ದರು. ಛತ್ರದಲ್ಲಿ ನನ್ನ ಮೈಕಟ್ಟು ನೋಡಿ ಅವರಿಗೆ ಅನುಮಾನ ಬಂದಿತಂತೆ. ಬೇರೆಯವರು ಮಾಡಿದ ಸಾಮಾನನ್ನು ಅಳೆದು, ಇದು ಸರಿ, ಇದು ತಪ್ಪು ಎಂದು ಚೀಟಿ ಅಂಟಿಸುವುದು ನನ್ನ ಕೆಲಸ. ಜೀವಮಾನದಲ್ಲಿ ಒಂದು ಮೊಳೆಯನ್ನೂ ನಾನು ಮಾಡಿದವನಲ್ಲ. ಆದರೂ ಮೊಳೆ ಮಾಡಿದವರೆಲ್ಲ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಈ ರೋಗ ರಿಟೈರಾದ ಮೇಲೂ ಬಿಟ್ಟಿಲ್ಲ. ದೋಸೆಯ ಅಂಚು ಒಂದು ಕಡೆ ದಪ್ಪವಾಗಿದೆ ಎಂದು ಒಮ್ಮೆ ಹೇಳಿ, ಅವತ್ತು ದಪ್ಪ ಕಡೆಯೂ ಸಿಗದೆ ಉಪವಾಸ ಇದ್ದೇನೆ.

ಹನುಮಂತರಾಯಪ್ಪ ಅದೇ ಕಾರ್ಖಾನೆಯಲ್ಲಿ ಲೇತ್ ಕೆಲಸಗಾರ, ಮಧುಗಿರಿ ಕಡೆಯವನು. ನಮ್ಮಲ್ಲಿ ಮೂವರು ರಾಯಪ್ಪಂದಿರಿದ್ದುದರಿಂದ ಇವನನ್ನು ಕಿವಿ ರಾಯಪ್ಪ ಅನ್ನುತ್ತಿದ್ದರು. ಮಿಷನ್ ಓಡುವ ಸದ್ದು ಕೇಳಿಯೇ ಟೂಲಿನ ಮೊನೆ ಸವೆದಿದೆಯೋ ಇಲ್ಲವೋ ಹೇಳುತ್ತಿದ್ದ. ಇಪ್ಪತ್ತು ಮಿಷನ್ ಒಟ್ಟಿಗೆ ಕಿರುಚುವ ಕಡೆ, ಕ್ಯಾಂಟೀನಿನ ಬಾಗಿಲಲ್ಲಿ ಟೀ ಹಿಡಿದು ನಿಂತು, "ಮೂರನೇದು ಯಾಕೋ ಮುಲುಗ್ತೈತೆ" ಅನ್ನುತ್ತಿದ್ದ. ಹೋಗಿ ನೋಡಿದರೆ ನಿಜ. ಹೊಸಬರು ಅವನ ಹಿಂದೆ ಹಿಂದೆ ತಿರುಗುತ್ತಿದ್ದರು. ನಮ್ಮ ಮನೆಯ ಎರಡು ಸ್ಪೀಕರ್ ಡಬ್ಬಗಳನ್ನೂ ಅವನೇ ಮಾಡಿಕೊಟ್ಟಿದ್ದು, ಮಿಷನ್ ಬಂದ ಮರದ ಪೆಟ್ಟಿಗೆಯ ಹಲಗೆಯಿಂದ. ಒಂದರ ಹಿಂದೆ ಈಗಲೂ 'ಈ ಭಾಗ ಮೇಲಿರಲಿ' ಎಂಬ ಬಾಣದ ಗುರುತಿದೆ. ಇಪ್ಪತ್ತೈದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದು, ಇಬ್ಬರೂ ಹಳೇ ಸಿನಿಮಾ ಹಾಡು ಕೇಳುವುದು ವಾಡಿಕೆ.

ಹೋದ ವರ್ಷ ಸಿಡಿ ಪ್ಲೇಯರಿನಲ್ಲಿ ಎಡಗಡೆಯ ದನಿ ನಿಂತುಹೋಯಿತು. ಹಾಡುಗಾರ ಇದ್ದ, ತಬಲ ಇರಲಿಲ್ಲ. ದಾಸರಹಳ್ಳಿಯ ರಿಪೇರಿಯವನು ಬಿಚ್ಚಿ ನೋಡಿ, "ಸಾರ್, ತಿರುಗೋ ಭಾಗ ಕಲ್ಲಿನಂಗಿದೆ. ಒಳಗಿನ ಡ್ಯಾಕ್ ಹೋಗಿದೆ, ಆ ಚಿಪ್ಪು ಈಗ ಬರಲ್ಲ. ಹೊರಗಡೆ ಒಂದು ಹಾಕ್ಕೊಂಬಿಡಿ, ಮೊದಲಿಗಿಂತ ಸಕ್ಕತ್ತಾಗಿರುತ್ತೆ" ಎಂದ. ಸರಿ, ಯಾವುದು ಹಾಕಬೇಕು? ಅದನ್ನು ಅವನು ಹೇಳಲಿಲ್ಲ.

ಇಂಟರ್ನೆಟ್ಟಿನಲ್ಲಿ ಇದಕ್ಕೆಂದೇ ಒಂದು ಪ್ರಪಂಚವಿದೆ. ಅಲ್ಲಿ ಬರೆಯುವ ಮಹನೀಯರು ದನಿಯನ್ನು ಕೇಳುವುದಿಲ್ಲ, ತಿನ್ನುತ್ತಾರೆ. ಒಂದು ಡ್ಯಾಕ್ ಬೆಚ್ಚಗಿದೆಯಂತೆ, ಇನ್ನೊಂದು ಒಣಗಿದೆಯಂತೆ, ಮತ್ತೊಂದರಲ್ಲಿ ಗಾಳಿ ಚೆನ್ನಾಗಿ ಆಡುತ್ತದಂತೆ. ಬಾಡಿಗೆ ಮನೆ ನೋಡಲು ಹೋದವರ ಮಾತಿನ ಹಾಗಿತ್ತು. ಇನ್ನೊಂದು ಪಂಗಡದವರು ಬರೀ ಗ್ರಾಫ್ ಹಾಕಿ, ಎಲ್ಲವೂ ಒಂದೇ, ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ, ಹೆಚ್ಚಿಗೆ ಕೊಟ್ಟವನು ಮೂರ್ಖ ಅನ್ನುತ್ತಿದ್ದರು. ಗ್ರಾಫ್ ಕಂಡದ್ದೇ ನನಗೆ ತವರಿನವರು ಸಿಕ್ಕ ಹಾಗಾಯಿತು. ಅವರು ಹೊಗಳಿದ್ದ ಒಂದು ಚಿಕ್ಕ ಪೆಟ್ಟಿಗೆಯನ್ನು ತರಿಸಿಕೊಂಡೆ. ಸೋಪಿನ ಡಬ್ಬಿಯಷ್ಟಿತ್ತು.

ರಾಯಪ್ಪ ಅದರಲ್ಲಿ ಎರಡು ಹಾಡು ಕೇಳಿ, "ಚೆನ್ನಾಗೈತೆ. ಇನ್ನೂ ಒಳ್ಳೇದು ಇರ್ಬೇಕು ಕಣಯ್ಯ" ಎಂದ. ಅಷ್ಟಕ್ಕೇ ಬಿಡಬಹುದಿತ್ತು. ಬಿಡದೆ ಅವನನ್ನು ಕಟ್ಟಿಕೊಂಡು ಕುಂದಲಹಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋದೆ. ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ. ನಮ್ಮ ಕಡೆ ರೈಲಿನಲ್ಲಿ ಎಣ್ಣೆ ಮೆತ್ತಿದ ಕೈಗಳು ಕಾಣುತ್ತವೆ. ಆ ಕಡೆ ಹೋಗುತ್ತಾ ಹೋಗುತ್ತಾ ಎಲ್ಲರ ಕೊರಳಲ್ಲೂ ಗುರುತಿನ ಚೀಟಿ ಬಂದುಬಿಡುತ್ತದೆ. ಅಂಗಡಿಯ ಬಾಗಿಲಲ್ಲಿ ರಾಯಪ್ಪ ಚಪ್ಪಲಿ ಬಿಟ್ಟ. ಬೇಡ ಅಂದರೂ ಕೇಳಲಿಲ್ಲ. ಗೋಡೆಗೆಲ್ಲ ಮೆತ್ತೆ ಹಾಕಿದ ಒಂದು ಕೋಣೆಯಲ್ಲಿ ಕೂರಿಸಿ, ಅಲ್ಲಿದ್ದ ಮೇಡಂ ಒಂದು ದೊಡ್ಡ ಡ್ಯಾಕ್ ಹಚ್ಚಿ, ಒಬ್ಬ ಗಾಯಕಿಯ ಹಳೇ ಹಾಡು ಹಾಕಿದರು. ಬೆಲೆ ಕೇಳಿ ನಾನು ಸೋಫಾದಲ್ಲಿ ಇನ್ನಷ್ಟು ಹುದುಗಿದೆ. ರಾಯಪ್ಪ ಕಣ್ಣು ಮುಚ್ಚಿ ಕೇಳಿ, "ಇದ್ರಲ್ಲಿ ಆಯಮ್ಮ ಉಸ್ರು ತಗೊಳೋದೂ ಕೇಳ್ತೈತೆ. ಪದ ಶುರು ಆಗೋಕ್ ಮುಂಚೇನೇ" ಎಂದ.

"ವಾವ್ ಅಂಕಲ್, ನಿಮ್ಮ ಕಿವಿ ಸೂಪರ್!" ಅಂದರು ಮೇಡಂ. ನನ್ನನ್ನು ಕೇಳಲೇ ಇಲ್ಲ.

ನನಗೆ ಉರಿಯಿತು. ಅರವತ್ತು ದಾಟಿದ ಗಂಡಸು, ಅಂಗಡಿಯವರು ಪಕ್ಕದವನನ್ನು ಹೊಗಳಿದರು ಎಂದು ಉರಿದುಕೊಳ್ಳುವುದೇ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಇದು ಹುಟ್ಟುಗುಣ. ನಾನು ಬೆಳೆದದ್ದು ಜಾಲಹಳ್ಳಿ ಕಡೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಗಣೇಶನನ್ನು ಕೂರಿಸಿದಾಗ ಮೈಕ್ ಸೆಟ್ಟಿನವನು ಬೇವಿನ ಮರಕ್ಕೆ ಹಾರ್ನ್ ಕಟ್ಟುತ್ತಿದ್ದ. ಅದರ ದನಿ ಎಷ್ಟು ದೂರ ಕೇಳುತ್ತದೆ ನೋಡಬೇಕೆಂದು ನಾನೂ ನನ್ನ ತಂಗಿಯೂ ಸೀಮೆಸುಣ್ಣ ಹಿಡಿದು ಕಾಂಪೌಂಡ್ ಗೋಡೆಗುಂಟ ನಡೆದೆವು. ಹಾಡು ನಿಂತ ಜಾಗದಲ್ಲಿ ಗೋಡೆಗೆ ಗೀಟು ಹಾಕುವುದು ಆಟ. ನನ್ನ ಗೀಟು ನೀರಿನ ಟ್ಯಾಂಕಿನ ಹತ್ತಿರ ಬಿತ್ತು. ತಂಗಿ ಇನ್ನೂ ಮುಂದೆ ಹೋಗಿ, ಹಾಲಿನ ಬೂತ್ ದಾಟಿ, "ಇನ್ನೂ ಕೇಳ್ತಾ ಇದೆ ಕಣೋ ಅಣ್ಣ" ಅಂದಳು. ಸುಳ್ಳು ಅಂದೆ. ಅವಳು ಅಲ್ಲಿಂದಲೇ ಹಾಡಿನ ಸಾಲು ಹೇಳಿದಳು. ಅವಳು ಮನೆಗೆ ಹೋದ ಮೇಲೆ ನಾನು ವಾಪಸ್ ಹೋಗಿ ಅವಳ ಗೀಟನ್ನು ಅಂಗಿಯ ತೋಳಿನಿಂದ ಒರೆಸಿಬಂದೆ. ಅಂಗಿ ಬೆಳ್ಳಗಾದದ್ದಕ್ಕೆ ಅಮ್ಮ ಬಾರಿಸಿದಳು, ನಿಜವಾದ ತಪ್ಪು ಅವಳಿಗೆ ಗೊತ್ತೇ ಆಗಲಿಲ್ಲ.

ರಾಯಪ್ಪನ ಮೇಲೂ ನನಗೊಂದು ಹಳೇ ಬಾಕಿ ಇತ್ತು. ನಾವಿಬ್ಬರೂ ಇನ್ನೂ ಕೆಲಸದಲ್ಲಿದ್ದಾಗ ಒಮ್ಮೆ ಪಂಪಿನ ಬಿಡಿಭಾಗಗಳ ಒಂದು ಲಾಟು ನನ್ನ ಮೇಜಿಗೆ ಬಂತು. ತೂತಿನ ಅಳತೆ ನೋಡಬೇಕು. ಅಳತೆಯ ಗೇಜನ್ನು ತೂತಿನ ಬಾಯಿಗೆ ಮಾತ್ರ ತೂರಿಸಿ ಪಾಸ್ ಮಾಡುತ್ತಾ ಕೂತಿದ್ದೆ. ರಾಯಪ್ಪ ಬಂದು, "ಮೂರ್ತಿ, ಇದನ್ನ ಕೊರೆದಿರೋ ಮಿಷನ್ ಬೆಳಿಗ್ಗೆಯಿಂದ ಅಳ್ತೈತೆ. ಟೂಲ್ ಓಗೈತೆ. ತೂತಿನ ಒಳಗಡೆ ನೋಡು" ಅಂದ. ಸುತ್ತ ಐದಾರು ಜನ ಇದ್ದರು. "ನಿನ್ನ ಕಿವಿಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದೆಯೇನಯ್ಯ?" ಅಂದೆ. ಎಲ್ಲರೂ ನಕ್ಕರು. ಹದಿನೈದು ದಿನಕ್ಕೆ ಇಡೀ ಲಾಟು ವಾಪಸ್ ಬಂತು. ತೂತು ಒಳಗೆ ಹೋಗುತ್ತಾ ಕಿರಿದಾಗಿತ್ತು. ನನಗೆ ಕಾರಣ ಕೇಳಿ ಕಾಗದ ಬಂತು, ಬರಬೇಕಿದ್ದ ಬಡ್ತಿ ಬರಲಿಲ್ಲ.

ಅವತ್ತು ಕ್ಯಾಂಟೀನಿನಲ್ಲಿ ರಾಯಪ್ಪ ತನ್ನ ವಡೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ. ಒಂದೇ ಒಂದು ಸಲ "ನಾನು ಅವತ್ತೇ ಏಳ್ಲಿಲ್ವಾ" ಅಂದಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ. ಅವನು ಅನ್ನಲಿಲ್ಲ. ಅದನ್ನು ನಾನು ಕ್ಷಮಿಸಲಿಲ್ಲ. ಇಷ್ಟು ವರ್ಷ ಜೊತೆಗೆ ಕೂತು ಹಾಡು ಕೇಳಿದ್ದೇನೆ, ಒಳಗೆ ಆ ಅರ್ಧ ವಡೆ ಹಾಗೇ ಇತ್ತು.

ಅಂಗಡಿಯವರು ದೊಡ್ಡ ಡ್ಯಾಕನ್ನು ನಾಲ್ಕು ದಿನ ಮನೆಯಲ್ಲಿಟ್ಟು ನೋಡಿ ಎಂದು ಕೊಟ್ಟರು. ಭಾನುವಾರಕ್ಕೆ ನಾನು ಎಲ್ಲ ತಯಾರಿ ಮಾಡಿದೆ. ಸಿಡಿ ಪ್ಲೇಯರಿನ ಹಿಂದಿದ್ದ ಎರಡು ತೂತಿನಿಂದ ಎರಡು ಡ್ಯಾಕಿಗೂ ತಂತಿ ಎಳೆದೆ. ಆಂಪ್ಲಿಫೈಯರಿನ ಗುಂಡಿ ಒಂದು ಕಡೆ ತಿರುಗಿಸಿದರೆ ಚಿಕ್ಕದು, ಇನ್ನೊಂದು ಕಡೆಗೆ ದೊಡ್ಡದು. ಎರಡರ ದನಿಯೂ ಒಂದೇ ಎತ್ತರದಲ್ಲಿರುವಂತೆ ಅಳೆದು ಸರಿಮಾಡಿದೆ; ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಚಾಳಿ. ಮುಂದೆ ನನ್ನ ಲುಂಗಿಯನ್ನು ಪರದೆಯಾಗಿ ಕಟ್ಟಿದೆ. ಹಾಳೆಗೆ ಗೀಟು ಹಾಕಿ ಹತ್ತು ಮನೆ ಮಾಡಿದೆ. ವಿಶಾಲು ನೋಡಿ, "ರಾಯಪ್ಪನವರು ಹಾಡು ಕೇಳೋಕ್ ಬರ್ತಾರೋ ಪರೀಕ್ಷೆ ಬರೆಯೋಕೋ?" ಅಂದಳು.

ಅವನು ನಗುತ್ತಲೇ ಕೂತ. ನಾಣ್ಯ ಚಿಮ್ಮಿ, ಬಿದ್ದಂತೆ ಗುಂಡಿ ತಿರುಗಿಸುತ್ತಿದ್ದೆ; ಹಾಡುತ್ತಿರುವುದು ದೊಡ್ಡದೋ ಚಿಕ್ಕದೋ ಅವನು ಹೇಳಬೇಕು. ಹತ್ತರಲ್ಲಿ ಐದು ಸರಿ ಹೇಳಿದ. "ಇನ್ನೊಂದ್ ಕಿತ ಆಕು" ಅಂದ. ಈ ಸಲ ನಾಲ್ಕು. ಅವನ ನಗು ಸ್ವಲ್ಪ ಕಡಿಮೆಯಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಸುಮ್ಮನೆ ಊಹಿಸಿದರೂ ಅಷ್ಟು ಸರಿ ಬರುತ್ತದೆ; ಎರಡರಲ್ಲೂ ವ್ಯತ್ಯಾಸವಿಲ್ಲ, ಚಿಕ್ಕದೇ ಸಾಕು ಎಂದು ಗೊತ್ತಾಗಿ ಹೋಗಿತ್ತು. ಡ್ಯಾಕ್ ಆರಿಸುವ ಕೆಲಸ ಮುಗಿದಿತ್ತು.

ನಮ್ಮ ವಿಭಾಗದಲ್ಲಿ 'ಕಳ್ಳ ಪೀಸು' ಅಂತ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ನಿಜವಾಗಿ ಅಳೆಯುತ್ತಾನೋ ಅಂದಾಜಿನಲ್ಲಿ ಬರೆಯುತ್ತಾನೋ ನೋಡಲು, ಅವನು ಅಳೆದ ಪೀಸನ್ನೇ ನಂಬರ್ ಬದಲಾಯಿಸಿ ಮತ್ತೆ ಮತ್ತೆ ಅವನ ಮುಂದಿಡುವುದು. ಒಂದೇ ಪೀಸಿಗೆ ಅವನು ಬೇರೆ ಬೇರೆ ಅಳತೆ ಬರೆದರೆ ಸಿಕ್ಕಿಬಿದ್ದ. ನನಗೂ ಒಮ್ಮೆ ಮಾಡಿದ್ದರು, ನಾನೂ ಎಷ್ಟೋ ಜನಕ್ಕೆ ಮಾಡಿದ್ದೆ.

"ಕೊನೇ ಸಲ, ಆರೇ ಆರು" ಅಂದೆ. ಗುಂಡಿಯನ್ನು ಟಕ್ ಟಕ್ ಎಂದು ಆ ಕಡೆ ಈ ಕಡೆ ತಿರುಗಿಸಿ, ಆರು ಸಲವೂ ಚಿಕ್ಕದಕ್ಕೇ ತಂದು ನಿಲ್ಲಿಸಿದೆ.

ರಾಯಪ್ಪ ಮುಂದಕ್ಕೆ ಬಾಗಿ ಕೂತಿದ್ದ. ಹಣೆಯಲ್ಲಿ ಬೆವರಿತ್ತು. "ಇದು ದೊಡ್ಡದು," ಅಂದ ಮೊದಲಿಗೆ. ಎರಡನೆಯದಕ್ಕೆ, "ಇದು ಮಂಕು, ಚಿಕ್ಕದು." ನಾಲ್ಕನೆಯದಕ್ಕೆ ಅವನ ಮುಖ ಅರಳಿತು. "ಆಂ, ಇದೇ ಕಣಯ್ಯ! ಉಸ್ರು ಕೇಳ್ತು ನೋಡು, ಇದು ದೊಡ್ಡದೇ. ಬರ್ಕೋ."

ಬರೆದುಕೊಂಡೆ. ಆರೂ ಮುಗಿದ ಮೇಲೆ ಲುಂಗಿ ಸರಿಸಿದೆ. "ರಾಯಪ್ಪ, ಆರು ಸಲವೂ ಹಾಡಿದ್ದು ಚಿಕ್ಕದೇ ಕಣೋ" ಅಂದೆ. ಅದನ್ನು ಹೇಳುವಾಗ ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತುಂಬಾ ಸಂತೋಷವಾಯಿತು. ವಿಶಾಲು ಬೋಂಡದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ರಾಯಪ್ಪ ಹಾಳೆಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. ಟವೆಲಿನ ತುದಿಯಿಂದ ಎರಡೂ ಕಿವಿ ಒರೆಸಿಕೊಂಡ. "ಅಂಗಾ?" ಅಂದ. ಆಮೇಲೆ, "ಈಗ ನೀನ್ ಕುತ್ಕೋ, ನಾನ್ ತಿರುಗಿಸ್ತೀನಿ."

"ಇನ್ಸ್‌ಪೆಕ್ಟರನ್ನ ಯಾರು ಇನ್ಸ್‌ಪೆಕ್ಟ್ ಮಾಡ್ತಾರೋ!" ಎಂದು ನಕ್ಕೆ. ಅವನೂ ಸ್ವಲ್ಪ ನಕ್ಕು, ಒಂದು ಬೋಂಡ ತಿಂದು ಹೋದ. ಮಾರನೆಯ ದಿನ ವಿಶಾಲು ಕೈಗೆ ಗುಂಡಿ ಕೊಟ್ಟು ನಾನೂ ಕೂತೆ. ಹತ್ತರಲ್ಲಿ ನಾಲ್ಕು. ಆ ಹಾಳೆಯನ್ನು ಹರಿದು ಹಾಕಿದೆ.

ರಾಯಪ್ಪನ ಹಾಳೆಯನ್ನು ಮಾತ್ರ ಹರಿಯಲಿಲ್ಲ. ಫೋಟೋ ತೆಗೆದು ನಮ್ಮ ಹಳೇ ಕಾರ್ಖಾನೆಯವರ ವಾಟ್ಸ್ಆಪ್ ಗುಂಪಿಗೆ ಹಾಕಿದೆ. 'ಕಿವಿ ರಾಯಪ್ಪ – ಲಾಟ್ ರಿಜೆಕ್ಟ್' ಎಂದು ಕೆಳಗೆ ಬರೆದೆ. ಅರ್ಧ ದಿನ ನಗುವ ಮುಖಗಳು ಬೀಳುತ್ತಲೇ ಇದ್ದವು. 'ಇಷ್ಟು ವರ್ಷ ನಮ್ಮನ್ನ ಯಾಮಾರಿಸಿದ್ನಾ' ಎಂದು ಒಬ್ಬರು ಹಾಕಿದರು. ರಾಯಪ್ಪನೂ ಆ ಗುಂಪಿನಲ್ಲಿದ್ದಾನೆ. ಒಂದು ಕೈಮುಗಿಯುವ ಚಿತ್ರ ಹಾಕಿದ. ತಮಾಷೆಗೆ ತೆಗೆದುಕೊಂಡ ಅಂದುಕೊಂಡೆ.

ಒಂದು ಸಂಗತಿ ಹೇಳಬೇಕಿತ್ತು. ರಾಯಪ್ಪ ರಿಟೈರಾದ ಮೇಲೂ ಕೆಲಸ ಬಿಟ್ಟಿರಲಿಲ್ಲ. ನಮ್ಮಲ್ಲಿ ಹಿಂದೆ ಟ್ರೈನಿಯಾಗಿದ್ದ ಪ್ರಸನ್ನ ಈಗ ಪೀಣ್ಯ ಎರಡನೇ ಹಂತದಲ್ಲಿ ಆರು ಮಿಷನ್ನಿನ ಸಣ್ಣ ಶೆಡ್ ಇಟ್ಟಿದ್ದಾನೆ. ಅಲ್ಲಿ ಬಿಜಾಪುರ, ರಾಯಚೂರಿನ ಕಡೆಯ ಹೊಸ ಕೆಲಸಗಾರರೇ ಹೆಚ್ಚು. ಅವರ ನಡುವೆ ಓಡಾಡಿಕೊಂಡು, ಯಾವ ಟೂಲ್ ಯಾವಾಗ ಬದಲಾಯಿಸಬೇಕು ಎಂದು ಹೇಳುವುದು ರಾಯಪ್ಪನ ಕೆಲಸ. ಸಂಬಳಕ್ಕಿಂತ ಹೆಚ್ಚಾಗಿ ಅವನು ಆ ಮರ್ಯಾದೆಗೆ ಹೋಗುತ್ತಿದ್ದ. ಅಲ್ಲಿಯವರೆಲ್ಲ ಅವನನ್ನು ಅಜ್ಜಾರು ಅನ್ನುತ್ತಿದ್ದರು.

ಮುಂದಿನ ಭಾನುವಾರ ರಾಯಪ್ಪ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಎರಡು ತಿಂಗಳಾದ ಮೇಲೆ ಬೇಕರಿಯ ಮುಂದೆ ಪ್ರಸನ್ನ ಸಿಕ್ಕ.

"ಮೂರ್ತಿ ಸಾರ್, ರಾಯಪ್ಪನವ್ರಿಗೆ ಏನಾಯ್ತು ಅಂತ ಗೊತ್ತಾ ನಿಮ್ಗೆ? ಮೊದ್ಲು ನಿಂತ ಜಾಗದಿಂದಾನೇ ಟೂಲ್ ಚೇಂಜ್ ಮಾಡಿ ಅಂತಿದ್ರು. ಆಮೇಲಾಮೇಲೆ ಎರಡ್ ಪೀಸಿಗೊಂದ್ಸಲ ಮಿಷನ್ ನಿಲ್ಸೋದು, ಟೂಲ್ ಬಿಚ್ಚೋದು, ಕನ್ನಡಕ ಹಾಕ್ಕೊಂಡು ನೋಡೋದು. ಹುಡುಗ್ರು ಬಂದು ಅಜ್ಜಾರೆ, ಸೌಂಡ್ ಹೆಂಗೈತ್ರಿ ಅಂದ್ರೆ, ಅಳತೆ ಆಕಿ ನೋಡ್ರಪ್ಪ, ನನ್ ಕಿವಿ ನಂಬ್ಬೇಡ್ರಿ ಅಂತಿದ್ರು. ನಾನೊಂದು ಮಾತೂ ಅಂದಿಲ್ಲ ಸಾರ್, ದೇವ್ರಾಣೆ. ಹೋದ್ ವಾರ ಅವ್ರಾಗೇ ಬಂದು, ಸಾಕಪ್ಪ ಅಂತ ಹೇಳಿ ಬಿಟ್ಟೋದ್ರು."

ಅವನು ಕಟ್ಟಿಸಿಕೊಂಡ ಬ್ರೆಡ್ಡು ಹಿಡಿದು ಹೋದ. ನಾನು ಏನು ತೆಗೆದುಕೊಳ್ಳಲು ಬಂದಿದ್ದೆನೋ ಮರೆತು ಮನೆಗೆ ಬಂದೆ. ವಿಶಾಲೂಗೆ ಹೇಳಿದೆ. ಅವಳು ಬೈದಿದ್ದರೆ ಆಗುತ್ತಿತ್ತು, ಅವಳು ಅಡಿಗೆ ಮನೆಗೆ ಹೋಗಿಬಿಟ್ಟಳು.

ತಪ್ಪೊಪ್ಪಿಕೊಳ್ಳುವುದು ಬಾರದ ಗಂಡಸು ಏನು ಮಾಡುತ್ತಾನೆ? ಸಾಮಾನು ಕೊಳ್ಳುತ್ತಾನೆ. ಮೆಟ್ರೋ ಹತ್ತಿ ಮತ್ತೆ ಕುಂದಲಹಳ್ಳಿಗೆ ಹೋಗಿ, ವಾಪಸ್ ಕೊಟ್ಟಿದ್ದ ಆ ದೊಡ್ಡ ಡ್ಯಾಕನ್ನೇ ಕೊಂಡು ತಂದೆ. ಅಲ್ಲಿಂದ ನೇರ ಹೆಗ್ಗನಹಳ್ಳಿಯಲ್ಲಿದ್ದ ರಾಯಪ್ಪನ ಮನೆಗೆ ಹೋದೆ. ಅವನ ಹೆಂಡತಿ ಗೌರಮ್ಮ, "ಬನ್ನಿ ಅಣ್ಣಾ, ಎಷ್ಟ್ ದಿನ ಆಯ್ತು" ಎಂದು ಎಂದಿನಂತೆಯೇ ಕರೆದು ಕೂರಿಸಿದಳು. ರಾಯಪ್ಪ ಬನಿಯನ್ ಹಾಕಿಕೊಂಡು ಅವರೇಕಾಯಿ ಬಿಡಿಸುತ್ತಿದ್ದ. ನಾನು ಪೆಟ್ಟಿಗೆ ತೋರಿಸಿದೆ.

"ಎರಡೂ ಒಂದೇ ಅಂತ ನೀನೇ ತೋರ್ಸಿದ್ದಲ್ವಾ? ಮತ್ತಿದ್ಯಾಕ್ ತಂದೆ?" ಅಂದ. ಕೊಂಕಿಲ್ಲದೆ, ನಿಜವಾಗಿ ಕೇಳಿದ.

"ಅವತ್ತು ಮಾಡಿದ್ದು ತಪ್ಪಾಯ್ತು ಕಣೋ" ಅಂದೆ. "ಹಾಡು ಕೇಳೋದೇ ಬೇರೆ, ಮಿಷನ್ ಕೇಳೋದೇ ಬೇರೆ. ಮಿಷನ್ ವಿಷಯದಲ್ಲಿ ನಿನ್ನ ಕಿವಿ ಯಾವತ್ತೂ ಸುಳ್ಳು ಹೇಳಿಲ್ಲ. ಆ ಪಂಪಿನ ಲಾಟು ನಿನಗೆ ನೆನಪಿಲ್ವಾ?"

"ಯಾವ ಲಾಟು?" ಅಂದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಇಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಅವನು ಅವತ್ತೇ ಮರೆತಿದ್ದ. ಎಲ್ಲವನ್ನೂ ಹೇಳಿದೆ. ಕೇಳಿ, ಅವರೇಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, "ಅದು ಎಂಗೋ ಅಂದಾಜಿಗೆ ಬಿದ್ದಿರ್ಬೇಕು ಬಿಡು" ಅಂದ.

"ಅಂದಾಜಲ್ಲ ಕಣೋ!"

"ಕಿವಿ ಇರೋದು ಎರಡೇ ಕಣಯ್ಯ. ಮಿಷನ್ನಿಗೊಂದು ಪದಕ್ಕೊಂದು ಅಂತ ಬೇರೆ ಮಾಡಿಲ್ಲ ದೇವ್ರು." ಅಷ್ಟು ಹೇಳಿ, ಗೌರಮ್ಮನಿಗೆ ಕಾಫಿ ತರಲು ಹೇಳಿದ.

ಹೊರಡುವಾಗ ಪೆಟ್ಟಿಗೆ ಎತ್ತಿಕೊಂಡು, ನಮ್ಮ ಮನೆಯಲ್ಲಿ ಇದರಲ್ಲೇ ಹಾಡು ಕೇಳೋಣ, ಭಾನುವಾರ ಬಾ ಎಂದು ಅಂಗಲಾಚಿದೆ. ಬಂದ. ಈಗ ಪ್ರತಿ ಭಾನುವಾರವೂ ಬರುತ್ತಾನೆ. ವಿಶಾಲು ಕೊಟ್ಟದ್ದನ್ನು ತಿನ್ನುತ್ತಾನೆ, ಮೊಮ್ಮಗಳ ಸುದ್ದಿ ಹೇಳುತ್ತಾನೆ, ನಗುತ್ತಾನೆ. ಮೊದಲೆಲ್ಲ ಹಾಡು ಅರ್ಧಕ್ಕೆ ಬರುವ ಮುಂಚೆಯೇ ತೊಡೆ ತಟ್ಟಿಕೊಂಡು 'ಆಹಾ' ಅನ್ನುತ್ತಿದ್ದವನು ಈಗ ಕೊನೆಯವರೆಗೂ ಕೈಕಟ್ಟಿ ಕೂರುತ್ತಾನೆ. ಮುಗಿದ ಮೇಲೆ ನನ್ನ ಮುಖ ನೋಡುತ್ತಾನೆ. ನಾನು ತಲೆದೂಗಿದರೆ, "ಚೆನ್ನಾಗಿತ್ತು" ಅನ್ನುತ್ತಾನೆ.